ಒಂದೇ ಮಗುವಿಗೆ ಲಸಿಕೆಯ ವಯಲ್ (ಸೀಸೆ) ತೆರೆಯಬೇಕಾ?

ನಾನು ತಾಲ್ಲೂಕು ಆರೋಗ್ಯಾಧಿಕಾರಿ. ಈ ಕೆಲಸಕ್ಕೆ ಬಂದು ಮೂರನೇ ವರ್ಷ, ಬೆಂಗಳೂರಿನಲ್ಲಿ ಐದು ದಿನದ ಲೀಡರ್‌ಶಿಪ್ ಟ್ರೈನಿಂಗ್‌ಗೆ ಹಾಕಿದರು. ಎಂಬಿಬಿಎಸ್‌ನಲ್ಲಿ ನಮಗೆ ರೋಗಿ ನೋಡುವುದನ್ನು ಕಲಿಸುತ್ತಾರೆ, ಆದರೆ ಒಂದು ದಿನ ಆರ್ಡರ್ ಕೈಗೆ ಬಂದರೆ ಸಾಕು, ತಾಲ್ಲೂಕಿನ ಪಿಎಚ್‌ಸಿಗಳು, ಸಿಸ್ಟರ್‌ಗಳು, ಆಶಾ ಕಾರ್ಯಕರ್ತೆಯರು ಎಲ್ಲರ ಕೆಲಸಕ್ಕೂ ನಾವೇ ಜವಾಬ್ದಾರರು.

ಅಲ್ಲಿ ತೋರಿಸಿದ ಸ್ಲೈಡುಗಳು ಹೆಚ್ಚೇನೂ ನೆನಪಿಲ್ಲ. ಮೂರನೇ ದಿನ ಮಾಡಿಸಿದ ಒಂದು ಅಭ್ಯಾಸ ಮಾತ್ರ ಉಳಿದಿದೆ. ಇಬ್ಬಿಬ್ಬರು ಎದುರುಬದುರು ಕೂರಬೇಕು. ಒಬ್ಬರು ತಮ್ಮ ಕಷ್ಟ ಹೇಳಬೇಕು, ಇನ್ನೊಬ್ಬರು ಹತ್ತು ನಿಮಿಷ ಬರೀ ಪ್ರಶ್ನೆ ಕೇಳಬೇಕು. ಸಲಹೆ ಕೊಡುವ ಹಾಗಿಲ್ಲ. ಎರಡೇ ನಿಮಿಷಕ್ಕೆ ನನ್ನ ಬಾಯಲ್ಲಿ "ಹೀಗ್ ಮಾಡಿ" ಅಂತ ಬಂದುಬಿಟ್ಟಿತು.

ವಾಪಸ್ ಬಂದು ಮಾಸಿಕ ಸಭೆಯಲ್ಲಿ ಇದನ್ನೇ ಹಿಡಿದೆ. ಮೊದಲೆಲ್ಲ ಲಸಿಕೆ ಹಾಕಿದ ಪರ್ಸೆಂಟೇಜ್ ಓದಿ, ಕಡಿಮೆ ಇದ್ದವರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದೆ. ಒಂದು ಸಬ್‌ಸೆಂಟರ್‌ನಲ್ಲಿ ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಎರಡನೇ ಡೋಸ್ ತಿಂಗಳುಗಟ್ಟಲೆ ಹಿಂದೆ ಬಿದ್ದಿತ್ತು. ಹೆಸರು ಕರೆದ ತಕ್ಷಣ ಆ ಸಿಸ್ಟರ್ ರಿಜಿಸ್ಟರನ್ನು ಎದೆಗವಚಿಕೊಂಡು ಎದ್ದು ನಿಂತರು. ಕೂತ್ಕೊಳ್ಳಿ ಅಂದೆ. ಗುರುವಾರ ಲಸಿಕೆ ಹಾಕುವ ದಿನ. "ಗುರುವಾರ ಬೆಳಿಗ್ಗೆಯಿಂದ ಏನೇನಾಗುತ್ತೆ ಹೇಳಿ" ಅಂತ ಕೇಳಿ ಸುಮ್ಮನಾದೆ. ಸ್ವಲ್ಪ ಹೊತ್ತು ಮಾತೇ ಇಲ್ಲ.

"ಒಂದೇ ಮಗು ಬಂದ್ರೆ ವಯಲ್ ಓಪನ್ ಮಾಡಲ್ಲ ಸಾರ್. ಮುಂದಿನ ವಾರ ಬನ್ನಿ ಅಂತೀನಿ. ಹೋದ ವರ್ಷ ವೇಸ್ಟೇಜ್ ಜಾಸ್ತಿ ಅಂತ ನೀವೇ ಬೈದಿದ್ರಿ."

ನಮಗೆ ಬರುವ ಎಂಆರ್ ವಯಲ್‌ನಲ್ಲಿ 5 ಡೋಸ್ ಇರುತ್ತದೆ. ಪುಡಿಗೆ ದ್ರಾವಣ ಬೆರೆಸಿದ ಮೇಲೆ 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಲೇಬೇಕು. ಪೆಂಟಾ (ಐದು ರೋಗಗಳಿಗೆ ಒಂದೇ ಲಸಿಕೆ) ವಯಲ್ ಥರ 28 ದಿನ ಇಟ್ಟುಕೊಳ್ಳಲು ಬರುವುದಿಲ್ಲ. ಹಾಗಿದ್ದರೂ ಒಂದೇ ಮಗು ಬಂದರೂ ತೆರೆಯಬೇಕು ಅನ್ನುವುದೇ ನಿಯಮ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ಅವರ ಮನಸ್ಸಲ್ಲಿ ಉಳಿದದ್ದು ನಾನು ಬೈದದ್ದು. ಕೂಲಿ ಬಿಟ್ಟು ಮಗು ಎತ್ತಿಕೊಂಡು ಬಂದ ತಾಯಿಯನ್ನು ಒಂದು ಸಲ ವಾಪಸ್ ಕಳಿಸಿದರೆ ಮತ್ತೆ ಬರೋದು ಕಷ್ಟ ಅಲ್ವಾ?

ತಪ್ಪು ನನ್ನದು ಅಂತ ಎಲ್ಲರ ಮುಂದೆ ಹೇಳಿದೆ. ಆಮೇಲೆ ಇನ್ನೂ ಮೂವರು ಸಿಸ್ಟರ್‌ಗಳು "ನಾವೂ ಹಾಗೇ ಮಾಡ್ತಿದ್ವಿ ಸಾರ್" ಅಂದರು. ಒಂದು ಮಗುವಿಗೂ ವಯಲ್ ತೆರೆಯಿರಿ, ವೇಸ್ಟೇಜ್ ಬಗ್ಗೆ ಜಿಲ್ಲೆಗೆ ಉತ್ತರ ನಾನು ಕೊಡುತ್ತೇನೆ ಅಂತ ಬರೆದು ಸಹಿ ಹಾಕಿ ಕೊಟ್ಟೆ. ಬಾಯಿಮಾತು ಸಾಲದು, ನಾಳೆ ನನಗೆ ವರ್ಗ ಆದರೆ ಅವರ ಕೈಯಲ್ಲಿ ಕಾಗದ ಇರಬೇಕು.

ಮುಂದಿನ ಗುರುವಾರ ಅದೇ ಸಬ್‌ಸೆಂಟರ್‌ಗೆ ಹೋದೆ. ಹನ್ನೊಂದಕ್ಕೆ ಒಂದು ಮಗು ಬಂತು. ಸಿಸ್ಟರ್ ನನ್ನ ಮುಖ ನೋಡಲಿಲ್ಲ. ವಯಲ್ ತೆರೆದು, ಲೇಬಲ್ ಮೇಲೆ ಪೆನ್ನಲ್ಲಿ ಟೈಮ್ ಬರೆದರು. ಹನ್ನೆರಡೂವರೆಗೆ ಇನ್ನೆರಡು ಮಕ್ಕಳು ಬಂದವು. ಮೂರು ಗಂಟೆಗೆ ಉಳಿದ ಎರಡು ಡೋಸ್ ಎಸೆದೆವು.