ಮನೆಯೆದುರಿನ ವಾರಸುದಾರರಿಲ್ಲದ ವ್ಯಾನು ತೆರವಾದ ಬಗೆ

ಶಿರಸಿಯ ನಮ್ಮ ಮನೆಯೆದುರಿನ ರಸ್ತೆಯಂಚಿನಲ್ಲಿ ಕೆಎ-31 ನೋಂದಣಿಯ ಹಳೆಯ ವ್ಯಾನೊಂದು ಎರಡು ಮಳೆಗಾಲ ಕಳೆದರೂ ಕದಲದೆ ನಿಂತಿತ್ತು. ಚಕ್ರಗಳು ಮಣ್ಣಿಗಿಳಿದು, ಒಡೆದ ಗಾಜಿನ ಮೂಲಕ ಒಳಗೆಲ್ಲ ಮಳೆನೀರು ತುಂಬಿಕೊಂಡಿತ್ತು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ. ಪಕ್ಕದ ಮನೆಯಲ್ಲಿ ಎಳೆಗೂಸು ಇದ್ದುದರಿಂದ ನನಗೆ ನೆಮ್ಮದಿಯಿರಲಿಲ್ಲ.

ಬಾಯಿಮಾತಿನ ದೂರುಗಳಿಂದ ಏನೂ ಆಗಲಿಲ್ಲ. ಫಲ ಕೊಟ್ಟದ್ದು ಕಾನೂನಿನ ಕಲಮನ್ನು ಹೆಸರಿಸಿ ಬರೆದ ಅರ್ಜಿ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ 10 ತಾಸು ಅಥವಾ ಅದಕ್ಕೂ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ಎಳೆದೊಯ್ಯಿಸಲು ಆ ವ್ಯಾಪ್ತಿಯ ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿ ಅನುಮತಿ ನೀಡಬಹುದು. ಅದರ ಖರ್ಚು ಮಾಲೀಕರದ್ದು. ನೋಂದಣಿ ಸಂಖ್ಯೆ, ದಿನಾಂಕ ಕಾಣುವ ಮೂರು ಫೋಟೊಗಳು ಹಾಗೂ ನೆರೆಹೊರೆಯವರ ಸಹಿಗಳನ್ನು ಲಗತ್ತಿಸಿ ಅರ್ಜಿಯನ್ನು ಠಾಣೆಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ. ಈ ಮುದ್ರೆಯನ್ನು ಯಾರೂ ಮರೆಯಬಾರದು.

ಠಾಣೆಯಿಂದ ಕರೆ ಹೋದ ಮೇಲೆ ಮಾಲೀಕರೇ ಬಂದರು. ವಯಸ್ಸಾದವರು, ವ್ಯಾನನ್ನು ಗುಜರಿಗೆ ಕೊಟ್ಟರೆ ಎಲ್ಲವೂ ಮುಗಿಯಿತೆಂದು ಅವರು ನಂಬಿದ್ದರು. "ರಾಯರೇ, ನೋಂದಣಿ ನಿಮ್ಮ ಹೆಸರಿನಲ್ಲಿಯೇ ಉಳಿದರೆ ನಾಳೆಯ ತೊಂದರೆಯೂ ನಿಮ್ಮದೇ" ಎಂದು ನಾನು 55ನೇ ಕಲಮನ್ನು ಓದಿ ಹೇಳಿದೆ. ಬಳಕೆಗೆ ಶಾಶ್ವತವಾಗಿ ಅನರ್ಹವಾದ ವಾಹನದ ಕುರಿತು 14 ದಿನಗಳೊಳಗೆ, ಅಥವಾ ಸಾಧ್ಯವಾದಷ್ಟು ಬೇಗ, ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ನೋಂದಣಿ ಪತ್ರವನ್ನು ಒಪ್ಪಿಸಬೇಕು. ಮರುವಾರ ವ್ಯಾನು ಹೊರಟಿತು. ಅವರ ಜೊತೆ ಸಾರಿಗೆ ಕಚೇರಿಗೆ ನಾನೂ ಹೋಗಿ ಅರ್ಜಿ ಬರೆದುಕೊಟ್ಟೆ.