ಮೊದಲ ಎರಡು ನಿಮಿಷ ಗಟ್ಟಿ ಮಾಡಿಕೊಳ್ಳಿ

ವೇದಿಕೆ ಹತ್ತಲು ಹೆದರುವ ಹಾಡುಗಾರರು, ನಾಟಕದವರು ಇದನ್ನು ಮಾಡಿ ನೋಡಿ: ನಿಮ್ಮ ಪಲ್ಲವಿಯನ್ನೋ ಮೊದಲ ನಾಲ್ಕು ಮಾತನ್ನೋ ಗಲಾಟೆಯ ನಡುವೆ, ಕೈಯಲ್ಲಿ ಬೇರೆ ಕೆಲಸ ಇರುವಾಗಲೇ ಅಭ್ಯಾಸ ಮಾಡಿ. ನಮ್ಮ ಮಲೆನಾಡಲ್ಲಿ ಅಡಿಕೆ ಸುಲಿಯುವ ರಾತ್ರಿಗಿಂತ ಒಳ್ಳೆ ಜಾಗ ಇಲ್ಲ. ಮೆಟ್ಟುಗತ್ತಿ ಮುಂದೆ ಕೂತ ಹತ್ತು ಜನ ಹರಟುತ್ತಿರುತ್ತಾರೆ, ಸಿಪ್ಪೆ ರಾಶಿ ಬೀಳುತ್ತಿರುತ್ತದೆ, ಯಾರೋ ಕಾಫಿ ಬೇಕಾ ಅಂತ ಕೇಳುತ್ತಾರೆ, ನೀವು ಸಾಲು ಬಿಡದೆ ಮುಂದುವರಿಸಬೇಕು. ಭಯ ಜಾಸ್ತಿ ಇರುವುದು ಶುರುವಿನಲ್ಲೇ ಅಲ್ವಾ? ಎದೆ ಹೊಡೆದುಕೊಳ್ಳುವಾಗ ನೆನಪು ಮಾಡಿಕೊಂಡು ಹೇಳುವುದು ಕಷ್ಟ, ಯೋಚಿಸದೆ ಬಾಯಿಗೆ ಬರುವಷ್ಟು ರೂಢಿಯಾದದ್ದು ಮಾತ್ರ ಕೈಕೊಡುವುದಿಲ್ಲ, ಅಷ್ಟರಲ್ಲಿ ಉಸಿರೂ ಹದಕ್ಕೆ ಬರುತ್ತದೆ. ಶಿವಮೊಗ್ಗದ ಕುವೆಂಪು ರಂಗಮಂದಿರದಂಥ ದೊಡ್ಡ ಜಾಗವಾದರೆ ಜನ ಬರುವ ಮುಂಚೆ ಹೋಗಿ, ಕೊನೆಯ ಸಾಲಿನ ಕುರ್ಚಿ ನೋಡುತ್ತಾ ಒಮ್ಮೆ ಹೇಳಿ. ಆದರೆ ಉಳಿದ ಭಾಗ ಕಲಿತೇ ಇಲ್ಲದಿದ್ದರೆ ಇದು ನಡೆಯಲ್ಲ, ಮೂರನೇ ನಿಮಿಷಕ್ಕೆ ಸಿಕ್ಕಿಹಾಕಿಕೊಳ್ಳುತ್ತೀರಿ. ಹಾಡುವವರು ಶ್ರುತಿಯನ್ನೂ ನೋಡಿಕೊಳ್ಳಿ. ಮನೆಯಲ್ಲಿ ಒಂದು, ವೇದಿಕೆಯಲ್ಲಿ ಇನ್ನೊಂದಾದರೆ ಎಷ್ಟು ರೂಢಿಯಿದ್ದರೂ ಮೊದಲ ಸ್ವರವೇ ಜಾರುತ್ತದೆ.