ಮುರುಗಲು, ನೆಲ್ಲಿಕಾಯಿ ಮತ್ತು ಹೊಳೆಯುವ ಬಣ್ಣಗಳು: ನನ್ನ ಅನುಭವ

ಶಿರಸಿಯ ಕಾಲೇಜು ಲ್ಯಾಬಿನಲ್ಲಿ ಟಿಬಿ ರೋಗಾಣು ಬೆಳೆಸಲು ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಅದಕ್ಕೇ ನಾನು ಅದರ ನೆಂಟ ಮೈಕೋಬ್ಯಾಕ್ಟೀರಿಯಮ್ ಸ್ಮೆಗ್ಮಾಟಿಸ್ ಹಿಡಿದೆ. ಸಾಮಾನ್ಯವಾಗಿ ರೋಗ ತರುವುದಿಲ್ಲ, ಮೂರು-ನಾಲ್ಕು ಗಂಟೆಗೆ ದುಪ್ಪಟ್ಟಾಗುತ್ತದೆ. ಟಿಬಿಯದ್ದಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಸುಮ್ನೆ ಮೂಗು ಮುರಿಯಬೇಡಿ, ಟಿಬಿಗೆ ಕೊಡುವ ಬೆಡಾಕ್ವಿಲಿನ್ ಔಷಧದ ಜಾಡು ಮೊದಲು ಸಿಕ್ಕಿದ್ದೂ ಇದೇ ಸ್ಮೆಗ್ಮಾಟಿಸ್ ಮೇಲೆ ರಾಸಾಯನಿಕಗಳನ್ನು ಒಂದೊಂದಾಗಿ ಹಾಕಿ ನೋಡುವಾಗ.

ಸುತ್ತಲಿನ ಕಾಡು, ತೋಟದ ಗಿಡಗಳ ರಸಕ್ಕೆ ಇದನ್ನು ಕೊಲ್ಲುವ ಶಕ್ತಿ ಇದೆಯಾ ಅಂತ ನೋಡುವುದು ನನ್ನ ಕೆಲಸ. ಅದಕ್ಕೆ ಮೊದಲು ಬಳಸಿದ್ದು ರೆಸಾಜುರಿನ್ ಅನ್ನುವ ನೀಲಿ ಬಣ್ಣ. ಬದುಕಿರುವ ಬ್ಯಾಕ್ಟೀರಿಯಾದ ಎಂಜೈಮ್‌ಗಳು ಅದನ್ನು ಗುಲಾಬಿ ರೆಸೊರುಫಿನ್ ಮಾಡುತ್ತವೆ, ಅದರ ಮೇಲೆ ಹಸಿರು ಬೆಳಕು ಬಿಟ್ಟರೆ ಕೆಂಪಗೆ ಹೊಳೆಯುತ್ತದೆ. ಔಷಧ ಕೆಲಸ ಮಾಡಿದರೆ ನೀಲಿ ನೀಲಿಯಾಗೇ ಉಳಿಯುತ್ತದೆ. ಕೇಳೋಕೆ ಎಷ್ಟು ಸುಲಭ ಅಲ್ವಾ?

ಮುರುಗಲ (ಕೋಕಂ) ಸಿಪ್ಪೆಯ ರಸ ಹಾಕಿದ, ಪರೀಕ್ಷಾ ತಟ್ಟೆಯ ಗುಳಿಗಳಲ್ಲಿ ಹೊಳಪೇ ಇಲ್ಲ. ಹುಡುಗರು ಕುಣಿದಾಡಿದರು. ಆದರೆ ರೆಸೊರುಫಿನ್‌ಗೆ ಹುಳಿ ಆಗುವುದಿಲ್ಲ, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 6ರ ಕೆಳಗೆ ಹೋದಂತೆ ಹೊಳಪು ಕುಂದುತ್ತದೆ. ಪಿಎಚ್ 7ಕ್ಕೆ ತಂದ ಮೇಲೆ ಮುರುಗಲೂ ಅದರಂತೆಯೇ ಹುಳಿಯಾದ ಉಪ್ಪಾಗೆಯೂ ತಣ್ಣಗಾದವು, ಅಂದರೆ ಕೊಲ್ಲುವ ಶಕ್ತಿ ಕಾಣಲಿಲ್ಲ. ನೆಲ್ಲಿಕಾಯಿಯದ್ದು ಉಲ್ಟಾ ಕಥೆ: ಬ್ಯಾಕ್ಟೀರಿಯಾ ಒಂದೂ ಇಲ್ಲದ ಗುಳಿಯಲ್ಲೂ ಗುಲಾಬಿ, ಯಾಕೆಂದರೆ ಅದರ ವಿಟಮಿನ್ ಸಿ ತಾನೇ ರೆಸಾಜುರಿನ್ ಬಣ್ಣ ಬದಲಿಸುತ್ತದೆ, ಹಾಗಾಗಿ ಅದರಲ್ಲಿ ನಿಜವಾದ ಶಕ್ತಿ ಇದ್ದರೂ ಈ ಪರೀಕ್ಷೆಯಲ್ಲಿ ಮುಚ್ಚಿಹೋಗುತ್ತದೆ.

ಬದುಕಿದ್ದನ್ನು ಹೊಳೆದು ತೋರಿಸುವ ಎರಡನೇ ಬಣ್ಣ (ಪ್ರೋಬ್) ಫ್ಲೋರೆಸೀನ್ ಡೈಅಸಿಟೇಟ್. ಇದು ತಾನಾಗಿ ಹೊಳೆಯುವುದಿಲ್ಲ, ಕೋಶದ ಎಸ್ಟರೇಸ್ ಎಂಜೈಮ್ ಇದರ ಎರಡು ಅಸಿಟೇಟ್ ತುಂಡು ಕತ್ತರಿಸಿದ ಮೇಲೆ ನೀಲಿ ಬೆಳಕಿನಲ್ಲಿ ಹಸಿರಾಗುತ್ತದೆ. ಅಗ್ಗ. ಆದರೆ ಅರಿಶಿನದ ಕುರ್ಕುಮಿನ್ ಕೂಡ ಹಾಗೇ ಹಸಿರು ಹೊಳೆಯುತ್ತದೆ! ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವವೂ (ಮೀಡಿಯಾ) ಈ ಬಣ್ಣವನ್ನು ತಾನೇ ಒಡೆಯುತ್ತದೆ, ಹಾಗಾಗಿ ಕೋಶಗಳನ್ನು ಫಾಸ್ಫೇಟ್ ಬಫರಿನಲ್ಲಿ ತೊಳೆಯಲೇಬೇಕು. ಈ ಕೋಶಗಳು ಗಂಟು ಕಟ್ಟುತ್ತವೆ ಬೇರೆ, ಟ್ವೀನ್ 80 ಅನ್ನುವ ಸೋಪಿನಂಥ ದ್ರವ ಸ್ವಲ್ಪ ಹಾಕಿ ಬೆಳೆಸಿ.

ಈಗ ಪ್ರತಿ ತಟ್ಟೆಯಲ್ಲೂ ಬ್ಯಾಕ್ಟೀರಿಯಾ ಇಲ್ಲದ ರಸ, ಬಣ್ಣ ಇಲ್ಲದ ರಸ, ಟಿಬಿ ಔಷಧ ರಿಫಾಂಪಿಸಿನ್ ಹಾಕಿದ್ದು, ಏನೂ ಹಾಕದ್ದು, ಎಲ್ಲಾ ಇರುತ್ತವೆ. ಅರ್ಧ ತಟ್ಟೆ ಇದಕ್ಕೇ ಖರ್ಚು, ಜಾಸ್ತಿ ಅನ್ನಿಸಿದರೂ ನಾನು ಬಿಡುವುದಿಲ್ಲ. ಕೊನೆಗೆ ಗುಳಿಯಿಂದ ಒಂದು ಹನಿ ತೆಗೆದು ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಎಳೆಯುತ್ತೇನೆ. ಕಾಲೋನಿ ಬಂದರೆ ಸತ್ತಿಲ್ಲ, ಅಷ್ಟೇ.

ಆಸೆ ಇರುವುದು ಡಿಎಂಎನ್-ಟ್ರೆ ಅನ್ನುವ ಹೊಸ ಪ್ರೋಬ್ ಮೇಲೆ. 2018ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಕ್ಯಾರೊಲಿನ್ ಬರ್ಟೋಝಿ ತಂಡ ಪ್ರಕಟಿಸಿದ್ದು. ಟ್ರೆಹಲೋಸ್ ಸಕ್ಕರೆಗೆ ಬಣ್ಣ ಅಂಟಿಸಿದ್ದಾರೆ, ಬ್ಯಾಕ್ಟೀರಿಯಾದ ಎಜಿ85 ಎಂಜೈಮ್ ಅದನ್ನು ಜಿಡ್ಡಿನ ಹೊರಪೊರೆಗೆ ಸೇರಿಸುತ್ತದೆ, ಆ ಜಿಡ್ಡಿನಲ್ಲಿ ಮಾತ್ರ ಜೋರಾಗಿ ಹೊಳೆಯುವುದರಿಂದ ತೊಳೆಯುವ ಗೋಜೇ ಇಲ್ಲ. ಸತ್ತ ಕೋಶ ಹೊಳೆಯುವುದಿಲ್ಲ. ನಮ್ಮ ಬಜೆಟ್‌ಗೆ ಇನ್ನೂ ಎಟುಕಿಲ್ಲ.

ಎಲ್ಲ ದಾಟಿದ ರಸ ಸಿಕ್ಕರೂ ಅದನ್ನು ಟಿಬಿ ರೋಗಾಣು ಮೇಲೆ ನೋಡುವುದು ಬಿಎಸ್‌ಎಲ್-3 (ಹೆಚ್ಚಿನ ಸುರಕ್ಷತೆಯ) ಲ್ಯಾಬಿನ ಕೆಲಸ. ನೆಂಟರಾದರೂ ಎರಡೂ ಒಂದೇ ಅಲ್ಲ: ಟಿಬಿಗೆ ಕೊಡುವ ಪೈರಜಿನಮೈಡ್ ಔಷಧಕ್ಕೇ ಈ ಸ್ಮೆಗ್ಮಾಟಿಸ್ ಜಗ್ಗುವುದಿಲ್ಲ.